ಪಾಲೇ ಗಾರ್ನಿಯೇ: ಲೈರ್ ಹಿಡಿದವರೆಲ್ಲ ಅಪೊಲೊ ಅಲ್ಲ

ಪ್ಯಾರಿಸಿನ ಹಳೇ ಒಪೆರಾ ಮನೆ ಪಾಲೇ ಗಾರ್ನಿಯೇಗೆ ಹೋದವರಲ್ಲಿ ಹೆಚ್ಚಿನವರು ಅಮೃತಶಿಲೆಯ ಮೆಟ್ಟಿಲು, ದೀಪದ ಗೊಂಚಲು, ಶಗಾಲ್ ಬರೆದ ಛಾವಣಿ ನೋಡಿ ಬರುತ್ತಾರೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಈ ವಿಮರ್ಶೆ ಬೇರೆ ಥರದ ಪ್ರವಾಸಿಗರಿಗೆ. ಕಟ್ಟಡದ ಮೈಮೇಲೆ ನೆಲದಿಂದ ನೆತ್ತಿಯವರೆಗೆ ನಿಂತಿರುವ ಮೂರ್ತಿಗಳು ಯಾರು ಯಾರು ಎಂದು ತಿಳಿಯುವ ಹಠ ಇರುವವರಿಗೆ ಈ ಭೇಟಿ ಎಷ್ಟು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬ ಲೆಕ್ಕ.

ತೀರ್ಪು ಮೊದಲೇ: ಹೊರಗೋಡೆಗೆ ಐದಕ್ಕೆ ಐದು, ಮತ್ತು ಅದು ಪೂರ್ತಿ ಪುಕ್ಕಟೆ. ಟಿಕೆಟ್ ಕೊಟ್ಟು ನೋಡುವ ಒಳಭಾಗಕ್ಕೆ, ಬರೀ ಶಿಲ್ಪದ ದೃಷ್ಟಿಯಿಂದ, ಮೂರೂವರೆ. ಮುಖ್ಯ ಶಿಲ್ಪವೊಂದರ ಮೂಲಪ್ರತಿ ಇಲ್ಲಿಲ್ಲ, ಅದಕ್ಕೆ ಸೇನ್ ನದಿ ದಾಟಿ ಓರ್ಸೆ ಮ್ಯೂಸಿಯಮ್ಮಿಗೇ ಹೋಗಬೇಕು. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡರೆ ಮಾತ್ರ ಲೆಕ್ಕ ಚುಕ್ತಾ ಆಗುತ್ತದೆ.

ನಮ್ಮ ದೇವಸ್ಥಾನಗಳನ್ನು ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಒಂದು ಅನುಕೂಲವೂ ಇದೆ, ಒಂದು ಅಪಾಯವೂ ಇದೆ. ಮುಖ ನೋಡಿ ದೇವರನ್ನು ಗುರುತಿಸುವುದಿಲ್ಲ, ಕೈಯಲ್ಲಿ ಏನಿದೆ, ಕಾಲಡಿ ಯಾವ ವಾಹನ ಇದೆ ಎಂದು ನೋಡಬೇಕು ಅನ್ನುವುದು ನಮಗೆ ಹೇಳಿಕೊಡಬೇಕಾದ ಪಾಠವಲ್ಲ. ಶಂಖ, ಚಕ್ರ, ಗದೆ, ಪದ್ಮಗಳು ಯಾವ ಕೈಯಿಂದ ಯಾವ ಕೈಗೆ ಬದಲಾದವು ಎಂಬುದರ ಮೇಲೆಯೇ ವಿಷ್ಣುವಿನ 24 ರೂಪಗಳನ್ನು ಬೇರೆ ಮಾಡುವ ಸಂಪ್ರದಾಯ ನಮ್ಮದು. ಗ್ರೀಕ್ ರೋಮನ್ ಮೂರ್ತಿಗಳಿಗೂ ಮೊದಲ ಹೆಜ್ಜೆ ಅದೇ. ಅಪಾಯ ಏನೆಂದರೆ, ನಾವು ಕಂಡದ್ದನ್ನೆಲ್ಲ ದೇವರು ಅಂದುಕೊಳ್ಳುತ್ತೇವೆ. ಗಾರ್ನಿಯೇ ಕಟ್ಟಡದ ಮುಂಭಾಗದ ದೊಡ್ಡ ಮೂರ್ತಿಗಳಲ್ಲಿ ಪುರಾಣದ ದೊಡ್ಡ ದೇವರು ಅಂತ ಇರುವುದು ಒಬ್ಬನೇ, ನೆತ್ತಿಯ ಮೇಲಿನ ಅಪೊಲೊ, ಗ್ರೀಕರ ಸಂಗೀತ ಮತ್ತು ಕಾವ್ಯದ ದೇವರು. ಉಳಿದವು ಬಹುಪಾಲು ಭಾವಮೂರ್ತಿಗಳು: ಕಾವ್ಯ, ಸಂಗೀತ, ನಾಟಕ, ನೃತ್ಯ, ಖ್ಯಾತಿ ಇಂಥ ಕಲ್ಪನೆಗಳಿಗೆ ಹೆಣ್ಣಿನ ಅಥವಾ ರೆಕ್ಕೆಯ ಹುಡುಗನ ಮೈ ಕೊಟ್ಟದ್ದು. ಇವಕ್ಕೆ ಕಥೆ ಇಲ್ಲ, ಅಪ್ಪ ಅಮ್ಮ ಇಲ್ಲ, ಶೀರ್ಷಿಕೆ ಮಾತ್ರ ಇದೆ. ಕಲೆ ವಿದ್ಯೆಗಳಿಗೆ ಒಡತಿಯರಾದ ಒಂಬತ್ತು ಮ್ಯೂಸ್ ದೇವತೆಯರ ಪಟ್ಟಿ ಹಿಡಿದು ಇವರಲ್ಲಿ ಕ್ಲಿಯೊ ಯಾರು, ಎರಾಟೊ ಯಾರು ಎಂದು ಹುಡುಕುತ್ತ ಹೋದರೆ ಅರ್ಧ ದಿನ ಹಾಳು.

ಕಟ್ಟಡದ ಹಿನ್ನೆಲೆ ಎರಡು ಮಾತಿನಲ್ಲಿ. 1861ರ ಸ್ಪರ್ಧೆಯಲ್ಲಿ ಗೆದ್ದ ಶಾರ್ಲ್ ಗಾರ್ನಿಯೇ ಇದರ ವಾಸ್ತುಶಿಲ್ಪಿ, 1862ರಲ್ಲಿ ಅಡಿಗಲ್ಲು, 1867ರಲ್ಲಿ ಮುಂಭಾಗದ ಅನಾವರಣ, 1875ರ ಜನವರಿ 5ರಂದು ಉದ್ಘಾಟನೆ. ಶಿಲ್ಪಗಳನ್ನು ಅಲಂಕಾರಕ್ಕೆಂದು ಕೊನೆಗೆ ತಂದು ಅಂಟಿಸಿದ್ದಲ್ಲ. ಯಾವ ಜಾಗಕ್ಕೆ ಯಾವ ವಿಷಯ, ಎಷ್ಟು ಆಕೃತಿ ಎಂದು ಗಾರ್ನಿಯೇ ಮೊದಲೇ ಗೊತ್ತುಮಾಡಿ ಶಿಲ್ಪಿಗಳಿಗೆ ಹಂಚಿದ್ದರು. ಹಾಗಾಗಿ ಇಲ್ಲಿ ಗುರುತು ಹಿಡಿಯುವ ಅತ್ಯುತ್ತಮ ಸುಳಿವು ಕೈಯಲ್ಲಿರುವ ವಸ್ತುವಲ್ಲ, ನಿಂತಿರುವ ಜಾಗ.

ಇನ್ನು ಎಲ್ಲಿ ನಿಲ್ಲಬೇಕು ಎಂಬುದು. ಒಪೆರಾ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ ಬಂದರೆ ಮುಂಭಾಗ ಎದುರಿಗೇ ಇರುತ್ತದೆ. ಹೆಚ್ಚಿನವರು ಅಲ್ಲಿಂದ ನೇರ ಕಟ್ಟಡದ ಮೆಟ್ಟಿಲಿಗೆ ನಡೆದುಬಿಡುತ್ತಾರೆ. ಹಾಗೆ ಹೋದ ಗಳಿಗೆಯಲ್ಲೇ ಅಪೊಲೊ ಮಾಯ. ನೆಲದಿಂದ ರಂಗದ ಮೇಲಿನ ಗೋಪುರದ ತುದಿಗೆ ಸುಮಾರು 56 ಮೀಟರ್. ಆ ಗೋಪುರ ಮುಂಗೋಡೆಯಿಂದ ಬಹಳ ಹಿಂದೆ, ಗುಮ್ಮಟದ ಆಚೆ ಇದೆ. ಹತ್ತಿರ ಹೋದಷ್ಟೂ ಮುಂಗೋಡೆಯ ಮೇಲಂಚು ಅದನ್ನು ಮುಚ್ಚುತ್ತದೆ. ಎತ್ತರದ ಮೂರ್ತಿ ನೋಡಲು ಕೆಲಸಕ್ಕೆ ಬರುವ ಒಂದು ಲೆಕ್ಕ: ಎತ್ತರದ ಎರಡರಷ್ಟು ದೂರ ನಿಂತರೆ ಕತ್ತು ಎತ್ತಬೇಕಾದದ್ದು 27 ಡಿಗ್ರಿಯಷ್ಟೇ. ಅದಕ್ಕಿಂತ ಹತ್ತಿರ ಹೋದರೆ ಮೂಗಿನ ಹೊಳ್ಳೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಇಲ್ಲಿ ಗೋಪುರ ಹಿಂದಿರುವುದರಿಂದ ಚೌಕದ ಆಚೆ ತುದಿಗೆ, ಅವೆನ್ಯೂ ದ ಲೊಪೆರಾ ರಸ್ತೆಯ ಬಾಯಿಗೆ ಸರಿದರೆ ಸಾಕು. ನೋಟಕ್ಕೆ ಅಡ್ಡಬರುತ್ತದೆಂದು ಗಾರ್ನಿಯೇ ಪಟ್ಟು ಹಿಡಿದದ್ದರಿಂದ ಆ ರಸ್ತೆಯಲ್ಲಿ ಸಾಲುಮರಗಳಿಲ್ಲ. ಬೇಸಿಗೆಯಲ್ಲಿ ನೆರಳಿಲ್ಲ ಎಂದು ಬೈದುಕೊಂಡರೂ ಶಿಲ್ಪ ನೋಡುವವರಿಗೆ ಅದೇ ಉಪಕಾರ.

ಬೈನಾಕ್ಯುಲರ್ ಬೇಕೇ ಬೇಕು. 8x25, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 25 ಮಿಲಿಮೀಟರ್ ಅಗಲದ್ದು, ಜೇಬಿಗೆ ಹಿಡಿಸುತ್ತದೆ, ಹೊರಗಿನ ಬೆಳಕಿಗೆ ಸಾಕು. ಒಳಗಿನ ಮಂದ ಬೆಳಕಿಗೆ 8x32 ಎಷ್ಟೋ ವಾಸಿ. 25ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಚುಕ್ಕೆ 3.1 ಮಿಲಿಮೀಟರ್, 32ಕ್ಕೆ 4 ಮಿಲಿಮೀಟರ್. ಒಳಗೆ ಆ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. 10 ಪಟ್ಟಿನದು ಕೊಂಡರೆ ಕೈ ನಡುಕವೂ ಹತ್ತು ಪಟ್ಟು, ತಲೆ ಎತ್ತಿಕೊಂಡು ನಿಂತಾಗಂತೂ ಮೂರ್ತಿ ಕುಣಿಯತೊಡಗುತ್ತದೆ. ಫೋನಿನ ಡಿಜಿಟಲ್ ಝೂಮ್ ಇದಕ್ಕೆ ಬದಲಿ ಅಲ್ಲ. ಅದು ಅಂಚುಗಳನ್ನು ನಯ ಮಾಡಿ ತೋರಿಸುತ್ತದೆ. ಕೈಯಲ್ಲಿರುವುದು ಕೊಳಲೋ ಸುರುಳಿಯೋ ಎಂದು ತಿಳಿಯಬೇಕಾದ ಜಾಗದಲ್ಲೇ ಅದು ಮೇಣ ಸವರಿದ ಹಾಗೆ ಮಾಡಿಬಿಡುತ್ತದೆ.

ಮುಂಭಾಗ ಹೆಚ್ಚುಕಡಿಮೆ ದಕ್ಷಿಣಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಬಲಗಡೆಯಿಂದ ಓರೆಯಾಗಿ ಬೀಳುವಾಗ ಬಟ್ಟೆಯ ಮಡಿಕೆ, ಬೆರಳು, ವಾದ್ಯದ ತಂತಿ ಎಲ್ಲ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಹುಬ್ಬಿನ ನೆರಳು ಕಣ್ಣಿಗೆ ಬಿದ್ದು ಎಲ್ಲ ಮುಖಗಳೂ ಒಂದೇ ಥರ ಸಿಡುಕಾಗುತ್ತವೆ, ಚಿನ್ನದ ಲೇಪವಂತೂ ಕಣ್ಣು ಕುಕ್ಕುತ್ತದೆ. ಮೋಡ ಕವಿದ ದಿನ ಫೋಟೋಗೆ ಸಪ್ಪೆ, ಗುರುತಿಸುವ ಕೆಲಸಕ್ಕೆ ಮಾತ್ರ ಒಳ್ಳೆಯದೇ.

ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ ಇರಲಿ. ತುತ್ತತುದಿಯಲ್ಲಿ ಎರಡೂ ಕೈಯಿಂದ ಲೈರ್ ಎಂಬ ತಂತಿವಾದ್ಯವನ್ನು ತಲೆಯ ಮೇಲೆತ್ತಿ ಹಿಡಿದು ನಿಂತವನು ಅಪೊಲೊ. ಆಚೀಚೆ ಇರುವ ಇಬ್ಬರು ಹೆಂಗಸರು ಕಾವ್ಯ ಮತ್ತು ಸಂಗೀತ. ಎಮೆ ಮಿಯೆ ಎಂಬ ಶಿಲ್ಪಿಯ ಕೆಲಸ. ಗಡ್ಡವಿಲ್ಲದ ಯುವಕ, ಅರೆಬತ್ತಲೆ ಮೈ, ಲೈರ್, ಅದಕ್ಕಿಂತ ಹೆಚ್ಚಾಗಿ ಕಟ್ಟಡದ ಅತ್ಯುನ್ನತ ಸ್ಥಾನ: ಈ ನಾಲ್ಕು ಸೇರಿದಾಗ ಅಪೊಲೊ ಎಂದು ಧೈರ್ಯವಾಗಿ ಹೇಳಬಹುದು. ಲೈರ್ ಒಂದನ್ನೇ ನಂಬಿ ಹೇಳುವ ಹಾಗಿಲ್ಲ. ಪುರಾಣದ ಗಾಯಕ ಆರ್ಫಿಯಸ್‌ಗೂ ಲೈರ್ ಇದೆ, ಮ್ಯೂಸ್‌ಗಳಲ್ಲಿ ಎರಾಟೊ ಮತ್ತು ಟರ್ಪ್ಸಿಕೋರೆಗೂ ಇದೆ, ಕಾವ್ಯ ಸಂಗೀತದ ಭಾವಮೂರ್ತಿಗಳಿಗೂ ಧಾರಾಳವಾಗಿ ಕೊಟ್ಟಿದ್ದಾರೆ. ಕೊಳಲು ಕಂಡರೆ ಕೃಷ್ಣ ಎನ್ನುವಷ್ಟು ಖಚಿತ ಗುರುತಲ್ಲ ಅದು.

ಅಪೊಲೊ ಮೈ ಹಸಿರುಗಟ್ಟಿದ ಕಂಚು, ಮಿರುಗುವುದು ಲೈರ್ ಮಾತ್ರ. ಅದೇ ಚಾಚೂ ತಪ್ಪದೆ ಎಲ್ಲರನ್ನೂ ದಾರಿ ತಪ್ಪಿಸುವುದು. ಕೆಳಗೆ, ಮುಂಗೋಡೆಯ ಎರಡು ತುದಿಗಳ ಮೇಲೆ ಅಡಿಯಿಂದ ಮುಡಿಯವರೆಗೆ ಚಿನ್ನ ಮೆತ್ತಿದ ಎರಡು ಗುಂಪುಗಳಿವೆ. ಕಣ್ಣು ಮೊದಲು ಹೋಗುವುದು ಅಲ್ಲಿಗೆ, ಮುಖ್ಯ ದೇವರು ಇವರೇ ಇರಬೇಕು ಅನಿಸುವುದೂ ಸಹಜ. ಅಲ್ಲ. ಎಡಗಡೆಯದು ಸಾಮರಸ್ಯ, ಬಲಗಡೆಯದು ಕಾವ್ಯ. ಎರಡೂ ಶಾರ್ಲ್ ಗ್ಯುಮೆರಿಯವು. ಇವು ಎರಕ ಹೊಯ್ದ ಮೂರ್ತಿಗಳೂ ಅಲ್ಲ, ವಿದ್ಯುತ್ತಿನ ಮೂಲಕ ಅಚ್ಚಿನ ಮೇಲೆ ತಾಮ್ರ ಕೂರಿಸಿ ಮೇಲೆ ಚಿನ್ನದ ಲೇಪ ಕೊಟ್ಟದ್ದು. ರೆಕ್ಕೆ ಬಿಚ್ಚಿದ ಹೆಣ್ಣು ಕಂಡೊಡನೆ ಏಂಜೆಲ್ ಎಂದೋ ವಿಜಯದೇವತೆ ಎಂದೋ ಬರೆದುಕೊಳ್ಳುವವರು ಬಹಳ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ರೆಕ್ಕೆ ಎಂದರೆ "ಇದು ಮನುಷ್ಯ ವ್ಯಕ್ತಿ ಅಲ್ಲ, ಒಂದು ಕಲ್ಪನೆ" ಎಂಬ ಚೀಟಿ ಅಷ್ಟೇ. ವಿಜಯದೇವತೆ ಎನ್ನಲು ಎತ್ತಿ ಹಿಡಿದ ಹಾರವೋ ತಾಳೆಗರಿಯೋ ಬೇಕು, ಖ್ಯಾತಿ ಎನ್ನಲು ಕಹಳೆ ಬೇಕು.

ಗೋಪುರದ ತ್ರಿಕೋನದ ಎರಡು ಮೂಲೆಗಳಲ್ಲಿ ರೆಕ್ಕೆಯ ಕುದುರೆಗಳಿವೆ, ಲೆಕೆನ್ ಮಾಡಿದ್ದು. ಕುದುರೆ ಪೆಗಾಸಸ್, ಅದನ್ನು ತಡೆದು ಹಿಡಿದವಳು ಖ್ಯಾತಿ. ಮ್ಯೂಸ್‌ಗಳ ಬೆಟ್ಟದಲ್ಲಿ ಇದರ ಗೊರಸು ತಾಗಿದ ಕಡೆ ಕಾವ್ಯದ ಚಿಲುಮೆ ಉಕ್ಕಿತೆಂಬ ಕಥೆ ಇರುವುದರಿಂದ ಯುರೋಪಿನ ಎಷ್ಟೋ ರಂಗಮಂದಿರಗಳ ಮೇಲೆ ಈ ಕುದುರೆ ಹತ್ತಿ ಕೂತಿದೆ. ವಿಯೆನ್ನಾ ಒಪೆರಾದ ಮುಂಭಾಗದಲ್ಲೂ ಒಂದು ಜೋಡಿ ಇದೆ.

ನಡುವಿನ ಪಟ್ಟಿ ಬೇಗ ಮುಗಿಯುತ್ತದೆ. ಕಂಬಗಳ ನಡುವಿನ ದುಂಡು ಕಿಂಡಿಗಳಲ್ಲಿ ಹೊನ್ನಿನ ಬಣ್ಣದ ಏಳು ಎದೆಮಟ್ಟದ ಮೂರ್ತಿಗಳು: ಎಡದಿಂದ ರೊಸ್ಸಿನಿ, ಒಬೇರ್, ಬೀಥೋವನ್, ಮೊಜಾರ್ಟ್, ಸ್ಪೊಂಟಿನಿ, ಮೆಯರ್‌ಬೇರ್, ಅಲೆವಿ. ನಟ್ಟನಡುವಿನವರು ಮೊಜಾರ್ಟ್ ಎಂದು ನೆನಪಿಟ್ಟರೆ ಉಳಿದವರು ತಾನಾಗಿ ಜಾಗಕ್ಕೆ ಬೀಳುತ್ತಾರೆ. ಇವರು ನಿಜವಾಗಿ ಬದುಕಿದ್ದ ಸಂಗೀತಗಾರರು. ಪುರಾಣದವರು ಯಾರು, ಇತಿಹಾಸದವರು ಯಾರು ಎಂದು ಬೇರೆ ಮಾಡಲು ಕೂದಲು ನೋಡಿ: ವಿಗ್ಗು, ಕೆನ್ನೆಗೂದಲು, ಕೊರಳಪಟ್ಟಿ ಇದ್ದರೆ ಇತಿಹಾಸ. ಇನ್ನೂ ಕೆಳಗೆ ದುಂಡು ಪದಕಗಳಲ್ಲಿ ಬಾಖ್, ಪೆರ್ಗೊಲೇಸಿ, ಹೈಡನ್, ಚಿಮರೋಸಾ. ಮೇಲಂಚಿನಲ್ಲಿ ಸಾಲುಗಟ್ಟಿದ ಮುಖವಾಡಗಳಿವೆಯಲ್ಲ, ಅವಕ್ಕೆ ಹೆಸರು ಹುಡುಕಬೇಡಿ. ಅವು ಪುರಾತನ ರಂಗದ ಹಾಸ್ಯ ಮತ್ತು ದುರಂತದ ಮುಖವಾಡಗಳು. ತುಟಿಯ ಕೊನೆ ಮೇಲೆದ್ದರೆ ಒಂದು, ಕೆಳಗಿಳಿದರೆ ಇನ್ನೊಂದು.

ಈಗ ನೆಲಮಟ್ಟಕ್ಕೆ ಬರೋಣ. ಇಲ್ಲಿ ಗಡಿಬಿಡಿ ಬೇಡ, ಒಂದು ಗಂಟೆ ಇಟ್ಟುಕೊಳ್ಳಿ. 1863ರಲ್ಲಿ ಗಾರ್ನಿಯೇ ನಾಲ್ಕು ಗುಂಪುಶಿಲ್ಪಗಳನ್ನು ನಾಲ್ವರಿಗೆ ಒಪ್ಪಿಸಿದರು, ನಾಲ್ವರೂ ರೋಮ್ ಬಹುಮಾನ ಎಂಬ ಫ್ರಾನ್ಸಿನ ದೊಡ್ಡ ಕಲಾ ಪ್ರಶಸ್ತಿ ಪಡೆದ ಶಿಲ್ಪಿಗಳು. ಎದುರು ನಿಂತಾಗ ನಿಮ್ಮ ಎಡದಿಂದ ಬಲಕ್ಕೆ: ಜುಫ್ರುವಾ ಅವರ ಕಾವ್ಯ, ಗಿಯೋಮ್ ಅವರ ವಾದ್ಯಸಂಗೀತ, ಕಾರ್ಪೋ ಅವರ ನೃತ್ಯ, ಪೆರೊ ಅವರ ಗೀತನಾಟಕ. ಮೊದಲನೆಯದಕ್ಕೆ ಸಾಮರಸ್ಯ ಎಂದೂ ಹೆಸರಿದೆ. ಮೇಲಿನ ಎಡ ಚಿನ್ನದ ಗುಂಪಿಗೂ ಅದೇ ಹೆಸರು, ಬಲಗಡೆಯದಕ್ಕೆ ಕಾವ್ಯ. ಅಂದರೆ ಒಂದೇ ಗೋಡೆಯ ಮೇಲೆ ಎರಡು ಸಾಮರಸ್ಯ, ಎರಡು ಕಾವ್ಯ. ಇಂಟರ್ನೆಟ್ಟಿನ ಅರ್ಧದಷ್ಟು ಫೋಟೋ ಶೀರ್ಷಿಕೆಗಳು ಅದಲುಬದಲಾಗಿರುವುದಕ್ಕೆ ಕಾರಣ ಇದೇ. ಟಿಪ್ಪಣಿ ಬರೆದುಕೊಳ್ಳುವವರು ಶಿಲ್ಪಿಯ ಹೆಸರು ಮತ್ತು ಎತ್ತರ ಎರಡನ್ನೂ ಜೊತೆಗೆ ಬರೆದುಕೊಂಡರೆ ಊರಿಗೆ ಹೋದಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಅಂಥದೇ ಇನ್ನೊಂದು ಗೊಂದಲ: ಗುಂಪುಗಳ ನಡುವಿನ ಒಂಟಿ ಮೂರ್ತಿಗಳಲ್ಲಿ ಫಾಲ್ಗಿಯೇರ್ ಮಾಡಿದ ನಾಟಕ ಇದೆ. ಅದು ಬೇರೆ, ಪೆರೊ ಅವರ ಗೀತನಾಟಕ ಬೇರೆ. ಒಂಟಿಯಾಗಿ ನಿಂತದ್ದು ಮೊದಲನೆಯದು. ರೆಕ್ಕೆಯವಳ ಕಾಲಡಿ ಉರುಳಿದ ದೇಹ ಕಂಡರೆ ಎರಡನೆಯದು.

ಕಾರ್ಪೋ ಅವರ ನೃತ್ಯ ಮಾತ್ರ ಹುಡುಕುವ ಅಗತ್ಯವೇ ಇಲ್ಲ. ಉಳಿದ ಮೂರೂ ಗುಂಪುಗಳು ಹೇಳಿದ ಮಾತು ಕೇಳಿದ ಮಕ್ಕಳ ಹಾಗೆ ನೆಟ್ಟಗೆ ನಿಂತಿವೆ. ಇದೊಂದು ಗೋಡೆಯಿಂದ ಹೊರಕ್ಕೆ ಚೆಲ್ಲುತ್ತಿದೆ. ಮೂರು ಆಕೃತಿ ಸಾಕು ಎಂದು ಗಾರ್ನಿಯೇ ಹೇಳಿದ್ದರು, ಕಾರ್ಪೋ ಒಂಬತ್ತು ಮಾಡಿದರು. ನಡುವೆ ಕೈಯೆತ್ತಿ ಜಿಗಿಯುತ್ತಿರುವ ರೆಕ್ಕೆಯವನ ಕೈಯಲ್ಲಿ ಗೆಜ್ಜೆತಮಟೆಯಂಥ ಟ್ಯಾಂಬರೀನ್. ಅವನು ಅಪೊಲೊ ಅಲ್ಲ (ರೆಕ್ಕೆ ಇದೆ), ಮದ್ಯದ ದೇವರು ಬ್ಯಾಕಸ್ ಅಲ್ಲ (ದ್ರಾಕ್ಷಿ ಸುತ್ತಿದ ಕೋಲಿಲ್ಲ), ಪ್ರೇಮದ ಬಾಲದೇವರು ಕ್ಯುಪಿಡ್ ಅಲ್ಲ (ಬಿಲ್ಲಿಲ್ಲ, ವಯಸ್ಸೂ ಹೆಚ್ಚು). ಫ್ರೆಂಚಿನಲ್ಲಿ ಅವನನ್ನು ನೃತ್ಯದ ಜೆನೀ ಎನ್ನುತ್ತಾರೆ. ರೋಮನ್ನರ ನಂಬಿಕೆಯಲ್ಲಿ ಪ್ರತಿ ಸ್ಥಳಕ್ಕೂ ಪ್ರತಿ ಕಸುಬಿಗೂ ಇರುವ ಅಧಿದೇವತೆ ಅದು. ಫೋನಿನ ಅನುವಾದ ಸೌಲಭ್ಯಗಳು ಈ ಪದವನ್ನು "ಮೇಧಾವಿ" ಎಂದು ತಿರುಗಿಸಿ ಕೊಡುವುದುಂಟು, ಆಗ ಅರ್ಥವೇ ಬುಡಮೇಲು. ಸುತ್ತ ಕೈಕೈ ಹಿಡಿದು ಸುತ್ತುವ ಬತ್ತಲೆ ಹೆಂಗಸರು ಬ್ಯಾಕಸ್‌ನ ಭಕ್ತೆಯರ ಮಾದರಿಯವರು, ಮ್ಯೂಸ್‌ಗಳಲ್ಲ. ಮ್ಯೂಸ್‌ಗಳು ಸಾಮಾನ್ಯವಾಗಿ ಬಟ್ಟೆ ತೊಟ್ಟಿರುತ್ತಾರೆ, ಏದುಸಿರು ಬಿಡುವುದಿಲ್ಲ, ಕೈಯಲ್ಲಿ ತಮ್ಮ ತಮ್ಮ ಉಪಕರಣ ಹಿಡಿದಿರುತ್ತಾರೆ. ಕೊನೆಯದಾಗಿ ಬಗ್ಗಿ ಕೆಳಗೆ ನೋಡಿ. ಜೆನೀಯ ಕಾಲ ಬಳಿ ಒಬ್ಬ ಪುಟ್ಟ ಪೋರ ಇದ್ದಾನೆ. ಅವನೇ ನಿಜವಾದ ಕ್ಯುಪಿಡ್. ಆದರೆ ಕೈಯಲ್ಲಿ ಬಾಣದ ಬದಲು ವಿದೂಷಕನ ತಲೆಗೋಲು (ತುದಿಗೆ ಪುಟ್ಟ ತಲೆ ಇರುವ ಕೋಲು), ಅಂದರೆ ಹುಚ್ಚಿನ ಲಾಂಛನ. ಒಂದು ದೇವರಿಗೆ ಇನ್ನೊಬ್ಬರ ಆಯುಧ ಕೊಟ್ಟು ಹೊಸ ಅರ್ಥ ಹುಟ್ಟಿಸುವ ಈ ಚೇಷ್ಟೆ ಕಣ್ಣಿಗೆ ಬೀಳದೆ ಹೋದರೆ ನೃತ್ಯದ ಗುಂಪನ್ನು ನೋಡಿದ್ದೂ ನೋಡದಂತೆಯೇ.

1869ರಲ್ಲಿ ಪರದೆ ಸರಿದಾಗ ಊರೆಲ್ಲ ಗಲಾಟೆ. ಆಗಸ್ಟ್ ಕೊನೆಯ ಒಂದು ರಾತ್ರಿ ಯಾರೋ ಇದರ ಮೇಲೆ ಮಸಿಯ ಸೀಸೆ ಎಸೆದರು. ತೆಗೆದುಹಾಕಿ ಬೇರೆ ಇಡುವುದೆಂದು ತೀರ್ಮಾನವಾಗಿ ಗ್ಯುಮೆರಿಗೆ ಆ ಕೆಲಸ ಹೋಯಿತು. ಅಷ್ಟರಲ್ಲಿ 1870ರ ಯುದ್ಧ, 1871ರಲ್ಲಿ ಗ್ಯುಮೆರಿಯ ಸಾವು. ಗದ್ದಲ ತಣ್ಣಗಾಗಿ ಕಾರ್ಪೋ ಶಿಲ್ಪ ಇದ್ದಲ್ಲೇ ಉಳಿಯಿತು. ಕಲ್ಲನ್ನು ಕೊನೆಗೆ ಅಲ್ಲಿಂದ ಎಬ್ಬಿಸಿದ್ದು ಟೀಕಾಕಾರರಲ್ಲ, ಊರಿನ ಹೊಗೆ. 1964ರಲ್ಲಿ ಮೂಲವನ್ನು ಲೂವ್ರ್‌ಗೆ ಸಾಗಿಸಿ ಪೋಲ್ ಬೆಲ್ಮೊಂಡೊ ಕಡೆದ ಪ್ರತಿಯನ್ನು ಇಲ್ಲಿಟ್ಟರು. 1986ರಿಂದ ಮೂಲ ಓರ್ಸೆಯಲ್ಲಿದೆ. ಹಾಗಾಗಿ ಗೋಡೆಯ ಮೇಲೆ ಕಾಣುವುದನ್ನು ಕಾರ್ಪೋ ಉಳಿಗೆಲಸ ಎಂದು ಹೊಗಳುವ ಮುನ್ನ ಜೋಕೆ.

ಹಳೇ ರಂಗಮಂದಿರಗಳಲ್ಲಿ ಗುರುತು ತಪ್ಪುವುದಕ್ಕೆ ಇದೂ ಒಂದು ದೊಡ್ಡ ಕಾರಣ: ದುರಸ್ತಿ. ಕೈ, ಮೂಗು, ವಾದ್ಯದ ತುದಿ, ಕೋಲಿನ ಮೇಲ್ಭಾಗ ಮೊದಲು ಮುರಿಯುವ ಭಾಗಗಳು. ಹೆಸರು ಹೇಳುವುದೂ ಅವೇ. ಖಾಲಿ ಮುಷ್ಟಿ ಕಂಡರೆ ಬೆರಳುಗಳ ನಡುವಿನ ತೂತು ನೋಡಿ. ಆರಪಾರ ತೂತಿದ್ದರೆ ಅಲ್ಲಿ ಲೋಹದ ಕೋಲೋ ಕಠಾರಿಯೋ ಇತ್ತೆಂದು ಅರ್ಥ. ಹೊಸದಾಗಿ ಕೂರಿಸಿದ ಭಾಗದ ಕಲ್ಲಿನ ಬಣ್ಣ ಒಂದು ಛಾಯೆ ಬೇರೆ ಇರುತ್ತದೆ. ಅಂಥ ಕೈಯಲ್ಲಿರುವ ವಸ್ತುವನ್ನು ಸಾಕ್ಷಿ ಎಂದು ಒಪ್ಪುವ ಮುಂಚೆ ಹಳೇ ಫೋಟೋ ಜೊತೆ ತಾಳೆ ನೋಡಬೇಕು.

ಫೋನಿನಲ್ಲಿ ಚಿತ್ರ ಹಿಡಿದು ಹುಡುಕುವ ಸೌಲಭ್ಯಗಳಿಗೆ ಐದರಲ್ಲಿ ಎರಡು ಅಂಕ. ಕಟ್ಟಡದ ಹೆಸರು ಕ್ಷಣದಲ್ಲಿ ಹೇಳುತ್ತವೆ, ಅದು ನಮಗೆ ಮೊದಲೇ ಗೊತ್ತು. ಮೂರ್ತಿಯ ಹೆಸರಿಗೆ ಬಂದರೆ ಅದೇ ಅದಲುಬದಲಾದ ಶೀರ್ಷಿಕೆಗಳನ್ನು ಹೆಕ್ಕಿ ಪೂರ್ಣ ವಿಶ್ವಾಸದಿಂದ ಒಪ್ಪಿಸುತ್ತವೆ. ಫ್ರೆಂಚಿನಲ್ಲಿ ಶಿಲ್ಪಿಯ ಹೆಸರು, ಕಟ್ಟಡದ ಹೆಸರು, ಮುಂಭಾಗ ಎಂಬ ಪದ ಮೂರನ್ನೂ ಸೇರಿಸಿ ಬರೆದು ಹುಡುಕಿದರೆ ಫಲ ಎಷ್ಟೋ ಉತ್ತಮ.

ಟಿಕೆಟ್ ಭಾಗಕ್ಕೆ ಬರೋಣ. ಪ್ರವಾಸಿಗರ ಪ್ರವೇಶ ಮುಂಬಾಗಿಲಿನಿಂದ ಅಲ್ಲ, ಸ್ಕ್ರೀಬ್ ಮತ್ತು ಒಬೇರ್ ಬೀದಿಗಳು ಕೂಡುವ ಪಶ್ಚಿಮದ ಮೂಲೆಯಿಂದ. ಇದನ್ನು ತಿಳಿಯದೆ ಮುಂದಿನ ಮೆಟ್ಟಿಲ ಮೇಲೆ ಕಾದು ಕೂರುವವರು ದಿನವೂ ಸಿಗುತ್ತಾರೆ. ಸಮಯ ಗೊತ್ತುಮಾಡಿ ಮುಂಗಡ ಟಿಕೆಟ್ ಪಡೆಯುವುದು ವಾಸಿ. ತಾಲೀಮು ಇದ್ದರೆ ಸಭಾಂಗಣ ಮುಚ್ಚಿರುತ್ತದೆ, ಶಿಲ್ಪಕ್ಕಾಗಿ ಬಂದವರಿಗೆ ಅದರಿಂದ ಅಂಥ ನಷ್ಟವೇನಿಲ್ಲ.

ಒಳಗೆ ಬಿಡಬಾರದ ಮೂರ್ತಿ ಒಂದಿದ್ದರೆ ಅದು ದೊಡ್ಡ ಮೆಟ್ಟಿಲಿನ ಅಡಿಯ ನೀರ ಕೊಳದ ಬಳಿ ಇರುವ ಕಂಚಿನ ಹೆಂಗಸು. ಮೈ ತಿರುಚಿದೆ, ತೋಳು ಮುಂದಕ್ಕೆ ಚಾಚಿದೆ, ಕೂದಲಲ್ಲಿ ಹಾವು. ಹಾವು ಕಂಡ ಕೂಡಲೇ ಹಾವುಗೂದಲಿನ ರಾಕ್ಷಸಿ ಮೆಡೂಸಾ ಎಂದು ಮುಂದೆ ಹೋಗುವವರೇ ಜಾಸ್ತಿ. ಕೂತದ್ದು ಯಾವುದರ ಮೇಲೆ ನೋಡಿ: ಮೂರು ಕಾಲಿನ ಪೀಠ. ಮೆಡೂಸಾಗೆ ಪೀಠ ಎಲ್ಲಿಂದ ಬರಬೇಕು? ಇವಳು ಗ್ರೀಸಿನ ಡೆಲ್ಫಿಯಲ್ಲಿ ಅಪೊಲೊ ಮೈಮೇಲೆ ಬಂದು ಕಣಿ ಹೇಳುತ್ತಿದ್ದ ಪಿಥಿಯಾ. ನಮ್ಮ ಕಡೆ ಜಾತ್ರೆಯಲ್ಲಿ ಮೈದುಂಬಿ ನುಡಿ ಹೇಳುವವರನ್ನು ಕಂಡವರಿಗೆ ಈ ಭಂಗಿ ಹೊಸದೇನಲ್ಲ. ಹಾವು ಅಪೊಲೊ ಅಲ್ಲಿ ಕೊಂದ ಪೈಥಾನ್ ಎಂಬ ಮಹಾಸರ್ಪದ ನೆನಪು. ನೆತ್ತಿಯ ಮೇಲೆ ಅಪೊಲೊ, ಮೆಟ್ಟಿಲ ಅಡಿಯಲ್ಲಿ ಅವನ ಪೂಜಾರಿಣಿ, ಹೀಗೆ ಕಟ್ಟಡದ ಎರಡು ತುದಿ ಕೂಡುತ್ತವೆ. ಕೆಳಗೆ ಮಾರ್ಚೆಲ್ಲೊ ಎಂಬ ಗಂಡು ಹೆಸರು ಕಾಣುತ್ತದಾದರೂ ಮಾಡಿದವರು ಅದೆಲ್ ದಾಫ್ರಿ ಎಂಬ ಶಿಲ್ಪಿ, 1870ರ ಕೆಲಸ.

ಮೆಟ್ಟಿಲು ಹತ್ತಿ ಎದುರಾಗುವ ಬಾಗಿಲಿನ ಆಚೀಚೆ ಬಣ್ಣದ ಕಲ್ಲು ಮತ್ತು ಕಂಚಿನ ಇಬ್ಬರು ಹೆಂಗಸರು ಭಾರ ಹೊತ್ತು ನಿಂತಿದ್ದಾರೆ, ಜೂಲ್ ತೊಮಾ ಮಾಡಿದ ದುರಂತ ಮತ್ತು ಹಾಸ್ಯ. ಮ್ಯೂಸ್ ಪಟ್ಟಿ ಉಪಯೋಗಕ್ಕೆ ಬರುವ ಜೋಡಿ ಇದು, ಏಕೆಂದರೆ ದುರಂತಕ್ಕೆ ಮೆಲ್ಪೊಮೆನೆಯ ಲಕ್ಷಣ, ಹಾಸ್ಯಕ್ಕೆ ಥಾಲಿಯಾಳ ಲಕ್ಷಣ ಕೊಡುವುದು ಬಹುತೇಕ ಎಲ್ಲ ರಂಗಮಂದಿರಗಳ ವಾಡಿಕೆ. ಮೆಲ್ಪೊಮೆನೆಗೆ ಅಳುಮುಖವಾಡ, ಕಠಾರಿ ಅಥವಾ ಗದೆ, ಎತ್ತರದ ಅಟ್ಟೆಯ ಪಾದರಕ್ಷೆ. ಥಾಲಿಯಾಗೆ ನಗುಮುಖವಾಡ, ಕುರುಬರ ಬಾಗಿದ ಕೋಲು, ತಲೆಗೆ ಐವಿ ಬಳ್ಳಿ. ಉಳಿದವರಲ್ಲಿ ಯೂಟರ್ಪೆಗೆ ಜೋಡಿ ಕೊಳಲು, ಯುರೇನಿಯಾಗೆ ಗೋಳ, ಕ್ಯಾಲಿಯೊಪೆಗೆ ಬರೆಯುವ ಹಲಗೆ, ಕ್ಲಿಯೊಗೆ ಸುರುಳಿ. ಮೈತುಂಬ ಹೊದ್ದು ಯೋಚನೆಯಲ್ಲಿ ಮುಳುಗಿದವಳು ಪೋಲಿಹಿಮ್ನಿಯಾ. ದೊಡ್ಡ ಫಾಯರಿನಲ್ಲಿ (ವಿರಾಮದಲ್ಲಿ ಪ್ರೇಕ್ಷಕರು ಸೇರುವ ಪಡಸಾಲೆ) ಬೋದ್ರಿ ಬರೆದ ಚಿತ್ರಗಳಲ್ಲಿ ಒಂಬತ್ತು ಮ್ಯೂಸ್ ಹುಡುಕಿ ಎಂಟೇ ಸಿಕ್ಕರೆ ಎಣಿಕೆ ತಪ್ಪಿತೆಂದು ಗಾಬರಿಯಾಗಬೇಡಿ, ಪೋಲಿಹಿಮ್ನಿಯಾ ಅಲ್ಲಿಲ್ಲ.

ಫಾಯರಿನ ಮುಂದಿನ ಸಣ್ಣ ಮೊಗಸಾಲೆಯ ಮೊಸಾಯಿಕ್ ಛಾವಣಿ ಶಿಲ್ಪವಲ್ಲದಿದ್ದರೂ ಅಭ್ಯಾಸಕ್ಕೆ ಒಳ್ಳೆಯ ಜಾಗ. ನಾಲ್ಕು ಜೋಡಿಗಳು: ಡಯಾನಾ ಮತ್ತು ಎಂಡಿಮಿಯನ್, ಆರ್ಫಿಯಸ್ ಮತ್ತು ಯೂರಿಡಿಸೆ, ಅರೋರಾ ಮತ್ತು ಸೆಫಾಲಸ್, ಮರ್ಕ್ಯುರಿ ಮತ್ತು ಸೈಕಿ. ಮೊದಲು ಹಣೆಯ ಚಂದ್ರ ನೋಡಿ ಡಯಾನಾಳನ್ನು, ರೆಕ್ಕೆಯ ಟೋಪಿ ನೋಡಿ ಮರ್ಕ್ಯುರಿಯನ್ನು ಹಿಡಿದರೆ ಉಳಿದ ಎರಡು ಜೋಡಿ ಸುಲಭ. ಒಳಭಾಗಕ್ಕೆ ಒಂದೂವರೆ ಅಂಕ ಕಳೆದದ್ದು ಯಾಕೆಂದರೆ, ಜನಜಂಗುಳಿಯಲ್ಲಿ ಮೆಟ್ಟಿಲ ಬಳಿ ಬೈನಾಕ್ಯುಲರ್ ಹಿಡಿದು ಎರಡು ನಿಮಿಷ ನಿಲ್ಲುವುದು ಕಷ್ಟ, ಬೆಳಕು ಚಿತ್ರಕ್ಕೆ ಹೊಂದುತ್ತದೆಯೇ ಹೊರತು ಕಂಚಿಗಲ್ಲ.

ಓರ್ಸೆಗೆ ಇಲ್ಲಿಂದ ಟ್ವಿಲೆರೀ ತೋಟ ದಾಟಿ ಅರ್ಧ ಗಂಟೆಯ ನಡಿಗೆ. ಸೋಮವಾರ ರಜೆ, ಗುರುವಾರ ರಾತ್ರಿಯವರೆಗೂ ತೆರೆದಿರುತ್ತದೆ. ಹಾಗಾಗಿ ಗುರುವಾರ ಬೆಳಗ್ಗೆ ಗಾರ್ನಿಯೇ, ಸಂಜೆ ಓರ್ಸೆ ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಸುಮಾರು 4.2 ಮೀಟರ್ ಎತ್ತರದ ಮೂಲ ನೃತ್ಯ ನೆಲಮಹಡಿಯಲ್ಲಿ ಕೈಗೆಟುಕುವಷ್ಟು ಹತ್ತಿರ ಇದೆ (ಮುಟ್ಟುವಂತಿಲ್ಲ). ಹೊಗೆ ಮಳೆ ತಿಂದ ಕಲ್ಲಿನ ಚರ್ಮ, ತಲೆಗೋಲು ಹಿಡಿದ ಪೋರನ ಮುಖ ಎಲ್ಲ ಇಲ್ಲಿ ನೋಡಬೇಕಾದದ್ದು. ಅದೇ ಮಹಡಿಯಲ್ಲಿ ಗಾಜಿನ ನೆಲದಡಿ ಒಪೆರಾ ಬಡಾವಣೆಯ ಮಾದರಿ ಇದೆ, ಜೊತೆಗೆ ಒಪೆರಾ ಕಟ್ಟಡವನ್ನೇ ಸೀಳಿ ತೋರಿಸುವ ಮಾದರಿಯೂ ಇದೆ. ಚೌಕದಿಂದ ಅಪೊಲೊ ಯಾಕೆ ಮಾಯವಾಗುತ್ತಾನೆ ಎಂಬುದು ಆ ಸೀಳಿನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿ ಕಲಿತದ್ದನ್ನು ಬೇರೆ ಊರಿಗೆ ಹೊತ್ತೊಯ್ಯುವವರಿಗೆ ಒಂದು ಸೂಚನೆ. ನೆತ್ತಿಯ ಮೇಲೆ ರಥ ಇದ್ದರೆ ಸವಾರನನ್ನು ಬಿಟ್ಟು ಪ್ರಾಣಿ ನೋಡಿ. ಡ್ರೆಸ್ಡೆನ್ನಿನ ಜೆಂಪರ್ ಒಪೆರಾದಲ್ಲಿ ರಥ ಎಳೆಯುವುದು ಚಿರತೆಗಳು, ಆದ್ದರಿಂದ ಸವಾರ ಡಯೊನೈಸಸ್ (ಬ್ಯಾಕಸ್‌ನ ಗ್ರೀಕ್ ಹೆಸರು), ಪಕ್ಕದಲ್ಲಿ ಅವನ ಹೆಂಡತಿ ಅರಿಯಾಡ್ನೆ. ಬರ್ಲಿನ್ನಿನಲ್ಲಿ ಶಿಂಕೆಲ್ ಕಟ್ಟಿದ, ಈಗ ಕೊನ್ಸರ್ಟ್‌ಹೌಸ್ ಎನ್ನುವ ರಂಗಮಂದಿರದ ಮೇಲೆ ಹದ್ದಿನ ಮುಖದ ಗ್ರಿಫಿನ್‌ಗಳು, ಅಲ್ಲಿ ಅಪೊಲೊ. ಮಾಸ್ಕೋದ ಬೊಲ್ಶೊಯ್ ಮೇಲೆ ನಾಲ್ಕು ಕುದುರೆ, ಅಲ್ಲೂ ಅಪೊಲೊ. ಕುದುರೆ ಮಾತ್ರ ಎಲ್ಲರ ಗಾಡಿಗೂ ಕಟ್ಟುವ ಪ್ರಾಣಿ, ಅಂಥ ಕಡೆ ಲೈರ್ ಕಂಡಮೇಲೇ ಹೆಸರು ಹೇಳಿ. ವಿಯೆನ್ನಾದ ಬುರ್ಗ್‌ಥಿಯೇಟರ್ ಮೇಲೆ ರಥವೇ ಇಲ್ಲ, ಮೆಲ್ಪೊಮೆನೆ ಮತ್ತು ಥಾಲಿಯಾ ನಡುವೆ ಅಪೊಲೊ ಇದ್ದಾನೆ. ಅಕ್ಕಪಕ್ಕದ ಇಬ್ಬರ ಗುರುತು ಹತ್ತಿದರೆ ನಡುವಿನವನ ಹೆಸರು ಕೇಳಬೇಕಾಗಿಯೇ ಇಲ್ಲ.

ಗಾರ್ನಿಯೇ ನೋಡಿ ಮುಗಿಸಿದ ಮೇಲೆ ಕಾಲಲ್ಲಿ ಶಕ್ತಿ ಉಳಿದಿದ್ದರೆ ಹಿಂಬದಿಯ ಬುಲೆವಾರ್ ಓಸ್ಮಾನಿನಲ್ಲಿರುವ ಗಾಲರೀ ಲಾಫಾಯೆತ್ ಅಂಗಡಿಯ ಮೇಲ್ಮಹಡಿ ತಾರಸಿಗೆ ಹತ್ತಿ. ದುಡ್ಡಿಲ್ಲ. ಕೆಳಗೆ ಚೌಕದಲ್ಲಿ ಎಷ್ಟು ಹಿಂದೆ ಸರಿದರೂ ಸಣ್ಣದಾಗೇ ಕಾಣುತ್ತಿದ್ದ ಅಪೊಲೊ ಇಲ್ಲಿ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರುತ್ತಾನೆ. ಒಂದೇ ತಕರಾರು, ಕಾಣುವುದು ಅವನ ಬೆನ್ನು.